ಮುಖ್ಯ ವಿಚಾರ (ಶೈಕ್ಷಣಿಕ ಇಂಗ್ಲಿಷ್ ಓದು)

ಮುಖ್ಯ ವಿಚಾರ ಎಂದರೆ ಒಂದು ಗದ್ಯಭಾಗದಲ್ಲಿ ಲೇಖಕನು ತನ್ನ ವಿಷಯದ ಕುರಿತು ಮಂಡಿಸುವ ಪ್ರಧಾನ ಹೇಳಿಕೆ. ಗದ್ಯಭಾಗದ ಉಳಿದ ವಾಕ್ಯಗಳು ಅದನ್ನು ವಿವರಿಸುತ್ತವೆ, ಸಮರ್ಥಿಸುತ್ತವೆ ಅಥವಾ ಅದಕ್ಕೆ ಪೀಠಿಕೆಯಾಗಿ ನಿಲ್ಲುತ್ತವೆ. ಪಠ್ಯಪುಸ್ತಕ, ಸಂಶೋಧನಾ ಲೇಖನ ಮೊದಲಾದ ಶೈಕ್ಷಣಿಕ ಇಂಗ್ಲಿಷ್ ಬರಹಗಳ ಓದಿನಲ್ಲಿ ಇದನ್ನು ಗುರುತಿಸುವುದು ಒಂದು ಮೂಲಭೂತ ಕೌಶಲ. ಪ್ರತಿಯೊಂದು ಪದದ ಅರ್ಥ ತಿಳಿದಿದ್ದರೂ ಮುಖ್ಯ ವಿಚಾರ ತಪ್ಪಿಹೋಗಬಹುದು. ಹಾಗಾದಾಗ ಲೇಖಕನು ಖಂಡಿಸಲೆಂದು ಉಲ್ಲೇಖಿಸಿದ ಅಭಿಪ್ರಾಯವನ್ನೇ ಓದುಗನು ಲೇಖಕನ ಅಭಿಪ್ರಾಯವೆಂದು ಭಾವಿಸುವ ಅಪಾಯವಿದೆ.

ವಿಷಯ ಮತ್ತು ಮುಖ್ಯ ವಿಚಾರ

ವಿಷಯ ಮತ್ತು ಮುಖ್ಯ ವಿಚಾರ ಒಂದೇ ಅಲ್ಲ. ‘ಕಾಲರಾ ಹರಡುವಿಕೆ’ ಎಂಬುದು ವಿಷಯ. ಅದನ್ನು ಒಪ್ಪುವುದಾಗಲಿ ನಿರಾಕರಿಸುವುದಾಗಲಿ ಸಾಧ್ಯವಿಲ್ಲ. ‘ಕಾಲರಾ ಕಲುಷಿತ ನೀರಿನಿಂದ ಹರಡುತ್ತದೆ’ ಎಂಬುದು ವಿಚಾರ. ಅದಕ್ಕೆ ಆಧಾರ ಕೇಳಬಹುದು, ಅದನ್ನು ಪ್ರಶ್ನಿಸಬಹುದು. ಆದುದರಿಂದ ಮುಖ್ಯ ವಿಚಾರವನ್ನು ಒಂದು ಪದಪುಂಜದಲ್ಲಲ್ಲದೆ ಕ್ರಿಯಾಪದವುಳ್ಳ ಪೂರ್ಣ ವಾಕ್ಯದಲ್ಲಿ ಹೇಳಬೇಕಾಗುತ್ತದೆ.

ಪರಿಕಲ್ಪನೆಯ ಬೆಳವಣಿಗೆ

ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1866ರಲ್ಲಿ ಪ್ರಕಟಿಸಿದ ‘ಇಂಗ್ಲಿಷ್ ಕಾಂಪೊಸಿಷನ್ ಅಂಡ್ ರೆಟೊರಿಕ್’ ಎಂಬ ಗ್ರಂಥದಲ್ಲಿ ಪ್ಯಾರಾದ ರಚನೆಗೆ ನಿಯಮಗಳನ್ನು ನೀಡಿದನು. ಪ್ಯಾರಾದ ಮೊದಲ ವಾಕ್ಯವು ಅದರ ವ್ಯಾಪ್ತಿಯನ್ನು ಸೂಚಿಸಬೇಕು ಎಂಬುದು ಅವುಗಳಲ್ಲೊಂದು. ಮೊದಲ ವಾಕ್ಯ ಕೇವಲ ಪೀಠಿಕೆಯಾಗಿರುವ ಸಂದರ್ಭವನ್ನು ಬೇನ್ ಈ ನಿಯಮದಿಂದ ಹೊರಗಿಟ್ಟಿದ್ದನು. ತರಗತಿಯ ಬೋಧನೆಯಲ್ಲಿ ಈ ವಿನಾಯಿತಿ ಮರೆಯಾಗಿ ‘ಮೊದಲ ವಾಕ್ಯವೇ ಮುಖ್ಯ ವಿಚಾರ’ ಎಂಬ ಸುಲಭಸೂತ್ರ ಉಳಿಯುವುದುಂಟು.

1974ರಲ್ಲಿ ಅಮೆರಿಕದ ರಿಚರ್ಡ್ ಬ್ರಾಡಾಕ್ ನಿಯತಕಾಲಿಕಗಳಲ್ಲಿ ಪ್ರಕಟವಾಗಿದ್ದ 25 ಪ್ರಬಂಧಗಳನ್ನು ಪರಿಶೀಲಿಸಿದರು. ಅವುಗಳ ವಿವರಣಾತ್ಮಕ ಪ್ಯಾರಾಗಳಲ್ಲಿ ಸುಮಾರು ಶೇ. 13ರಷ್ಟು ಮಾತ್ರ ವಿಷಯವಾಕ್ಯದಿಂದ ಆರಂಭವಾಗುತ್ತವೆ ಎಂದು ಅವರು ಕಂಡುಕೊಂಡರು. ಇವು ಸಂಶೋಧನಾ ಲೇಖನಗಳಾಗಿರಲಿಲ್ಲವಾದರೂ ಸುಲಭಸೂತ್ರದ ಮಿತಿಯನ್ನು ಈ ಅಧ್ಯಯನ ತೋರಿಸಿತು.

1978ರಲ್ಲಿ ವಾಲ್ಟರ್ ಕಿಂಟ್ಷ್ ಮತ್ತು ಟ್ಯೂನ್ ವಾನ್ ಡೈಕ್ ಅವರು ಓದುಗನು ಪಠ್ಯದ ಸಾರವನ್ನು ಕಟ್ಟಿಕೊಳ್ಳುವ ಬಗೆಯನ್ನು ಮೂರು ಕ್ರಿಯೆಗಳ ಮೂಲಕ ವಿವರಿಸಿದರು: ಅನಗತ್ಯ ವಿವರಗಳನ್ನು ಕೈಬಿಡುವುದು, ಬಿಡಿ ಸಂಗತಿಗಳನ್ನು ಸಾಮಾನ್ಯೀಕರಿಸುವುದು ಮತ್ತು ಹಲವು ಸಂಗತಿಗಳನ್ನು ಒಳಗೊಳ್ಳುವ ಹೊಸ ಹೇಳಿಕೆಯನ್ನು ರಚಿಸುವುದು. ಮುಖ್ಯ ವಿಚಾರವು ಯಾವ ವಾಕ್ಯದಲ್ಲಿಯೂ ನೇರವಾಗಿ ಇಲ್ಲದಿರುವಾಗ ಮೂರನೆಯ ಕ್ರಿಯೆ ಅನಿವಾರ್ಯವಾಗುತ್ತದೆ.

ಭಾರತೀಯ ಪರಂಪರೆಯಲ್ಲಿಯೂ ಇದಕ್ಕೆ ಹೋಲಿಸಬಹುದಾದ ಚಿಂತನೆಯಿದೆ. ಮೀಮಾಂಸೆ ಮತ್ತು ವೇದಾಂತಗಳಲ್ಲಿ ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ ಮತ್ತು ಉಪಪತ್ತಿ ಎಂಬ ಆರು ಲಿಂಗಗಳನ್ನು ಬಳಸಲಾಗುತ್ತದೆ. ಆರಂಭವನ್ನು ಅಂತ್ಯದೊಡನೆ ಸೇರಿಸಿ ನೋಡುವುದು, ಮರಳಿ ಮರಳಿ ಬರುವ ಮಾತನ್ನು ಗಮನಿಸುವುದು ಹಾಗೂ ಯುಕ್ತಿಯನ್ನು ಪರೀಕ್ಷಿಸುವುದು ಈ ಕ್ರಮದ ಭಾಗಗಳು.

ಗದ್ಯಭಾಗದಲ್ಲಿ ಸ್ಥಾನ

ಮುಖ್ಯ ವಿಚಾರವು ಆರಂಭದಲ್ಲಿ, ಮಧ್ಯದಲ್ಲಿ ಅಥವಾ ಕೊನೆಯಲ್ಲಿ ಬರಬಹುದು, ಸೂಚ್ಯವಾಗಿಯೂ ಇರಬಹುದು. ಸಂಶೋಧನಾ ಲೇಖನಗಳ ಪೀಠಿಕೆಯಲ್ಲಿ ಮೂರು ನಡೆಗಳಿರುತ್ತವೆ ಎಂದು ಜಾನ್ ಸ್ವೇಲ್ಸ್ 1990ರಲ್ಲಿ ನಿರೂಪಿಸಿದರು. ಮೊದಲು ಕ್ಷೇತ್ರದ ಪರಿಚಯ, ಬಳಿಕ ಅದರಲ್ಲಿನ ಕೊರತೆಯ ನಿರ್ದೇಶ, ಕೊನೆಗೆ ಆ ಕೊರತೆಯನ್ನು ತುಂಬುವ ಪ್ರಸ್ತುತ ಅಧ್ಯಯನ. ಈ ಮಾದರಿಯ ಬರಹದಲ್ಲಿ ಆರಂಭದ ವಾಕ್ಯಗಳು ಸಾಮಾನ್ಯವಾಗಿ ಪೂರ್ವಸೂರಿಗಳ ಮಾತುಗಳಾಗಿರುತ್ತವೆ. ಲೇಖಕನ ಸ್ವಂತ ಮಾತು ‘ಹೌಎವರ್’, ‘ಯೆಟ್’ ಮುಂತಾದ ತಿರುವಿನ ಪದಗಳ ನಂತರ ಆರಂಭವಾಗುತ್ತದೆ. ‘ದೇರ್‌ಫೋರ್’, ‘ದಸ್’ ಎಂಬ ಪದಗಳು ನಿರ್ಣಯವನ್ನೂ ‘ಫಾರ್ ಎಕ್ಸಾಂಪಲ್’ ಎಂಬುದು ಪೋಷಕ ವಿವರವನ್ನೂ ಸೂಚಿಸುತ್ತವೆ.

ಉದಾಹರಣೆ

ವೈದ್ಯಕೀಯ ಇತಿಹಾಸದ ಒಂದು ಪ್ಯಾರಾ ಈ ಕ್ರಮದಲ್ಲಿ ಸಾಗುತ್ತದೆ ಎಂದು ಭಾವಿಸಬಹುದು: 19ನೆಯ ಶತಮಾನದ ಮಧ್ಯಭಾಗದಲ್ಲಿ ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣವೆಂದು ಅನೇಕ ವೈದ್ಯರು ನಂಬಿದ್ದರು. ಆದರೆ 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಜಾನ್ ಸ್ನೋ ಕಲೆಹಾಕಿದ ಮಾಹಿತಿಯು ನೀರಿನ ಕಡೆಗೆ ಬೆರಳು ತೋರಿತು. ಸಾವುಗಳು ಬ್ರಾಡ್ ಸ್ಟ್ರೀಟ್‌ನ ಪಂಪಿನ ಸುತ್ತ ದಟ್ಟವಾಗಿದ್ದವು. ಸಮೀಪದ ಮದ್ಯ ತಯಾರಿಕಾ ಘಟಕದ ಕೆಲಸಗಾರರು ಆ ನೀರನ್ನು ಕುಡಿಯುತ್ತಿರಲಿಲ್ಲ. ಅವರು ಬಹುಮಟ್ಟಿಗೆ ಪಾರಾದರು. ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು.

ಇಲ್ಲಿ ಮೊದಲ ವಾಕ್ಯವನ್ನು ಮುಖ್ಯ ವಿಚಾರವೆಂದು ಆರಿಸಿದರೆ ಪ್ಯಾರಾದ ಅರ್ಥವೇ ತಲೆಕೆಳಗಾಗುತ್ತದೆ. ಹಿಡಿಕೆಯ ಪ್ರಸಂಗ ನೆನಪಿನಲ್ಲಿ ಉಳಿಯುವಂಥದಾದರೂ ಅದು ಪರಿಣಾಮ ಮಾತ್ರ. ಪಂಪು ಮತ್ತು ಕೆಲಸಗಾರರ ವಿವರಗಳೆರಡೂ ಬೆಂಬಲಿಸುವುದು ಎರಡನೆಯ ವಾಕ್ಯವನ್ನು. ಅದುವೇ ಮುಖ್ಯ ವಿಚಾರ. ಒಂದು ವಾಕ್ಯವನ್ನು ಆರಿಸಿ, ಉಳಿದವುಗಳು ಅದಕ್ಕೆ ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳಿಗೆ ಉತ್ತರವಾಗುತ್ತವೆಯೇ ಎಂದು ನೋಡುವುದು ಉಪಯುಕ್ತ ಪರೀಕ್ಷೆ.

ಸಾಮಾನ್ಯ ದೋಷಗಳು

• ಅತಿವ್ಯಾಪ್ತಿ: ಗದ್ಯಭಾಗವು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಅದಕ್ಕೆ ಆರೋಪಿಸುವುದು.
• ಅವ್ಯಾಪ್ತಿ: ಒಂದು ಉದಾಹರಣೆಯನ್ನು ಅಥವಾ ಅಂಕಿಅಂಶವನ್ನು ಮುಖ್ಯ ವಿಚಾರವೆಂದು ತಿಳಿಯುವುದು.
• ಖಂಡಿತ ಮತದ ಸ್ವೀಕಾರ: ಲೇಖಕನು ಅಲ್ಲಗಳೆದ ಅಭಿಪ್ರಾಯವನ್ನು ಅವನದೆಂದೇ ಬರೆಯುವುದು.
• ನಿಶ್ಚಯದ ಏರಿಕೆ: ‘ಮೇ’, ‘ಸಜೆಸ್ಟ್ಸ್’ ಮುಂತಾದ ಪದಗಳಿಂದ ಎಚ್ಚರಿಕೆಯಿಂದ ಹೇಳಿದ್ದನ್ನು ಸಿದ್ಧವಾದ ಸತ್ಯವೆಂದು ಓದುವುದು.

ಕನ್ನಡ ಓದುಗರ ಸಂದರ್ಭ

ಕನ್ನಡ ಮಾಧ್ಯಮದಲ್ಲಿ ಕಲಿತು ಉನ್ನತ ಶಿಕ್ಷಣದಲ್ಲಿ ಇಂಗ್ಲಿಷ್ ಪಠ್ಯಗಳನ್ನು ಓದುವವರು ವಾಕ್ಯರಚನೆಯ ವ್ಯತ್ಯಾಸವನ್ನು ಎದುರಿಸುತ್ತಾರೆ. ಕನ್ನಡದಲ್ಲಿ ‘-ಆದರೂ’, ‘-ಬಹುದು’ ಎಂಬ ಸೂಚಕಗಳು ಕ್ರಿಯಾರೂಪದ ಕೊನೆಯಲ್ಲಿ ಬರುತ್ತವೆ. ಇಂಗ್ಲಿಷಿನಲ್ಲಿ ‘ಆಲ್‌ದೋ’ ಉಪವಾಕ್ಯದ ಆರಂಭದಲ್ಲಿಯೇ, ‘ಮೇ’ ಮುಖ್ಯ ಕ್ರಿಯಾಪದದ ಮುಂದೆಯೇ ನಿಲ್ಲುತ್ತವೆ. ‘ಆಲ್‌ದೋ’ದಿಂದ ಆರಂಭವಾಗುವ ಉಪವಾಕ್ಯವು ಲೇಖಕನು ಒಪ್ಪಿಕೊಂಡು ಮುಂದೆ ಸಾಗುವ ಅಂಶವಾಗಿದ್ದು, ಅವನ ಪ್ರತಿಪಾದನೆ ಪ್ರಧಾನ ವಾಕ್ಯದಲ್ಲಿರುತ್ತದೆ. ಓದಿದ ಪ್ಯಾರಾದ ಸಾರವನ್ನು ಒಂದೇ ಕನ್ನಡ ವಾಕ್ಯದಲ್ಲಿ ಬರೆದು, ಅದನ್ನು ಮೂಲದೊಡನೆ ಹೋಲಿಸುವುದು ಗ್ರಹಿಕೆಯನ್ನು ಪರೀಕ್ಷಿಸುವ ಒಂದು ಸರಳ ವಿಧಾನ.

ಪರೀಕ್ಷೆಗಳಲ್ಲಿ

ಐಇಎಲ್‌ಟಿಎಸ್ ಅಕಾಡೆಮಿಕ್ ಓದುವಿಕೆ ಪರೀಕ್ಷೆಯಲ್ಲಿ 3 ಗದ್ಯಭಾಗಗಳು ಮತ್ತು 40 ಪ್ರಶ್ನೆಗಳಿದ್ದು, 60 ನಿಮಿಷಗಳ ಅವಧಿಯಿರುತ್ತದೆ. ಪ್ಯಾರಾಗಳಿಗೆ ತಕ್ಕ ಶೀರ್ಷಿಕೆಯನ್ನು ಹೊಂದಿಸುವ ಪ್ರಶ್ನೆಗಳು ಮುಖ್ಯ ವಿಚಾರದ ಗ್ರಹಿಕೆಯನ್ನು ಅಳೆಯುತ್ತವೆ. ಪ್ಯಾರಾದಲ್ಲಿನ ಪದವೇ ಶೀರ್ಷಿಕೆಯಲ್ಲಿಯೂ ಇದೆ ಎಂಬ ಕಾರಣಕ್ಕೆ ಅದು ಸರಿಯುತ್ತರವಾಗುವುದಿಲ್ಲ. ಇಡೀ ಪ್ಯಾರಾದ ಪ್ರತಿಪಾದನೆಗೆ ಅದು ಹೊಂದಬೇಕು.