ಪೈನ್ ಮರಗಳ ತೊರೆಯ ದಡದಲ್ಲೊಂದು ಸಭೆ

ಒಂದು ಊರಿನಲ್ಲಿ ಧರ್ಮಸಭೆ ಹೇಗೆ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ಹೇಳುವ ಉತ್ತರವೊಂದಿದೆ. ಮೊದಲು ಧರ್ಮಗುರುವೊಬ್ಬರು ಬರುತ್ತಾರೆ, ಬೋಧಿಸುತ್ತಾರೆ, ಸ್ನಾನದೀಕ್ಷೆ ನೀಡುತ್ತಾರೆ, ಅನಂತರ ದೇವಾಲಯ, ಶಾಲೆ, ಆಸ್ಪತ್ರೆಗಳು ಏಳುತ್ತವೆ. ನಮ್ಮ ಬಹುಪಾಲು ಧರ್ಮಕೇಂದ್ರಗಳ ಚರಿತ್ರೆಯನ್ನು ಹೀಗೆಯೇ ಬರೆಯಲಾಗಿದೆ. ಬೆಳ್ಳಿಹಬ್ಬ, ಸುವರ್ಣೋತ್ಸವಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ: ಗುರುಗಳ ಭಾವಚಿತ್ರಗಳು ಸಾಲಾಗಿ ಇರುತ್ತವೆ. ವಿಶ್ವಾಸಿಗಳು ಕೊನೆಯ ಪುಟದ ಸಮೂಹಚಿತ್ರದಲ್ಲಿ ನಿಂತಿರುತ್ತಾರೆ.

ಈ ಕ್ರಮ ಪೂರ್ತಿ ತಲೆಕೆಳಗಾದ ಒಂದು ಊರಿನ ಕಥೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಅದು ನಮ್ಮ ಕಥೋಲಿಕ ಧರ್ಮಸಭೆಯದಲ್ಲ, ಪ್ರೆಸ್ಬಿಟೇರಿಯನ್ ಪಂಥದ ಸಹೋದರರದು. ಆದರೆ ಅದನ್ನು ಓದುವಾಗ ನಮ್ಮದೇ ಕಥೆಯೊಂದು ನಮ್ಮ ಎದುರಿಗೆ ಬಂದು ನಿಲ್ಲುತ್ತದೆ.

ಊರಿನ ಹೆಸರು ಸೊರೆ. ನಮ್ಮ ಕಿವಿಗೆ ತರಕಾರಿಯ ಹೆಸರಿನಂತೆ ಕೇಳಿಸುವ ಈ ಪದಕ್ಕೆ ಕೊರಿಯಾದ ಭಾಷೆಯಲ್ಲಿ ಪೈನ್ ಮರಗಳ ತೊರೆ ಎಂದು ಅರ್ಥ. ಕೊರಿಯಾದ ಪಶ್ಚಿಮ ಕರಾವಳಿಯ ಹ್ವಾಂಗ್‌ಹೇ ಪ್ರಾಂತ್ಯದಲ್ಲಿ, ಜಾಂಗ್ಯೊನ್ ಜಿಲ್ಲೆಗೆ ಸೇರಿದ್ದ ಚಿಕ್ಕ ಹಳ್ಳಿ ಅದು.

ಗಡಿ ದಾಟಿದ ಗ್ರಂಥ

ಹತ್ತೊಂಬತ್ತನೆಯ ಶತಮಾನದ ಕೊರಿಯಾ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ರಾಜ್ಯ. ಕ್ರೈಸ್ತ ವಿಶ್ವಾಸವನ್ನು ಅಲ್ಲಿ ನಿಷೇಧಿಸಲಾಗಿತ್ತು. 1801, 1839, 1846 ಮತ್ತು 1866ರ ಹಿಂಸಾಚಾರಗಳಲ್ಲಿ ಸಾವಿರಾರು ಕಥೋಲಿಕರು ಪ್ರಾಣ ತೆತ್ತಿದ್ದರು. ಹೀಗಾಗಿ ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್ ಧರ್ಮಪ್ರಚಾರಕ ಜಾನ್ ರಾಸ್ ಅವರು ಕೊರಿಯಾದೊಳಗೆ ಕಾಲಿಡಲಾಗದೆ, ಪಕ್ಕದ ಮಂಚೂರಿಯಾದಲ್ಲಿ ನಿಂತು ಆ ದೇಶದ ಕಡೆ ನೋಡುತ್ತಿದ್ದರು. ಗಡಿ ದಾಟಿ ವ್ಯಾಪಾರಕ್ಕೆ ಬರುತ್ತಿದ್ದ ಕೊರಿಯನ್ನರ ಗೆಳೆತನ ಬೆಳೆಸಿ, ಅವರಿಂದ ಭಾಷೆ ಕಲಿತು, ಅವರ ನೆರವಿನಿಂದಲೇ ಶುಭಸಂದೇಶವನ್ನು ಅನುವಾದಿಸತೊಡಗಿದರು.

ಆ ವ್ಯಾಪಾರಿಗಳಲ್ಲೊಬ್ಬರು ಸೊ ಸಾಂಗ್-ರ್ಯುನ್. ಉಯಿಜು ಎಂಬ ಗಡಿಪಟ್ಟಣದವರು. ಜಿನ್ಸೆಂಗ್ ಎಂಬ ಔಷಧೀಯ ಬೇರನ್ನು ಮಾರುವುದು ಅವರ ಕಸುಬು. ಮಂಚೂರಿಯಾದ ಬಂದರು ಪಟ್ಟಣವೊಂದರಲ್ಲಿ ಅವರು ತೀವ್ರ ಕಾಯಿಲೆ ಬಿದ್ದಾಗ ರಾಸ್ ಅವರ ಸಹೋದ್ಯೋಗಿ ಜಾನ್ ಮೆಕಿಂಟೈರ್ ಅವರು ಮಿಷನ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿ ಆರೈಕೆ ಮಾಡಿದರು. ಅಪರಿಚಿತನಾದ ತನ್ನನ್ನು ಹೀಗೆ ನೋಡಿಕೊಂಡವರ ದೇವರು ಯಾರೆಂದು ತಿಳಿಯುವ ಹಂಬಲ ಸೊ ಅವರಲ್ಲಿ ಹುಟ್ಟಿತು. ಮುಂದೆ ಅವರು ರಾಸ್ ಅವರಿಂದ ಸ್ನಾನದೀಕ್ಷೆ ಪಡೆದು ಅನುವಾದದ ಕೆಲಸಕ್ಕೆ ಕೈಜೋಡಿಸಿದರು.

1882ರಲ್ಲಿ ಮುಕ್ಡೆನ್ ನಗರದಲ್ಲಿ, ಅಂದರೆ ಇಂದಿನ ಶೆನ್ಯಾಂಗಿನಲ್ಲಿ, ಲೂಕ ಮತ್ತು ಯೊವಾನ್ನರ ಶುಭಸಂದೇಶಗಳು ಕೊರಿಯಾದ ಭಾಷೆಯಲ್ಲಿ ಅಚ್ಚಾದವು. 1887ರಲ್ಲಿ ಸಂಪೂರ್ಣ ಹೊಸ ಒಡಂಬಡಿಕೆ ಹೊರಬಂತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ಕೊರಿಯಾದಲ್ಲಿ ವಿದ್ವಾಂಸರು ಬರೆಯುತ್ತಿದ್ದುದು ಚೀನೀ ಲಿಪಿಯಲ್ಲಿ. ಹದಿನೈದನೆಯ ಶತಮಾನದಲ್ಲಿ ಸೆಜೊಂಗ್ ಅರಸರು ಜನಸಾಮಾನ್ಯರಿಗಾಗಿ ರೂಪಿಸಿದ ಹಂಗುಲ್ ಲಿಪಿಯನ್ನು ಪಂಡಿತರು ಹೆಂಗಸರ ಅಕ್ಷರವೆಂದು ಹೀಗಳೆಯುತ್ತಿದ್ದರು. ರಾಸ್ ಮತ್ತು ಅವರ ಕೊರಿಯನ್ ಸಂಗಡಿಗರು ಆ ಲಿಪಿಯನ್ನೇ ಆರಿಸಿಕೊಂಡರು. ಕಥೋಲಿಕರೂ ಅದಕ್ಕೂ ಮುಂಚೆಯೇ ಧರ್ಮೋಪದೇಶದ ಪುಸ್ತಕಗಳನ್ನು ಅದೇ ಲಿಪಿಯಲ್ಲಿ ಬರೆದುಕೊಂಡಿದ್ದರು. ಹೀಗೆ ದೇವರ ವಾಕ್ಯ ಅಡುಗೆಮನೆಯ ತನಕ, ಹೊಲದ ಬದುವಿನ ತನಕ ತಲುಪುವಂತಾಯಿತು.

ಸೊ ಸಾಂಗ್-ರ್ಯುನ್ ಆ ಪುಸ್ತಕಗಳನ್ನು ಹೊತ್ತು ತಾಯ್ನಾಡಿಗೆ ಹೊರಟರು. ಗಡಿಯಲ್ಲಿ ಸಿಕ್ಕಿಬಿದ್ದರು, ಪುಸ್ತಕಗಳು ಜಪ್ತಿಯಾದವು. ಪರಿಚಿತರ ನೆರವಿನಿಂದ ಹೇಗೋ ತಪ್ಪಿಸಿಕೊಂಡು, ಉಳಿದ ಕೆಲವೇ ಪ್ರತಿಗಳೊಂದಿಗೆ ಊರು ಸೇರಿದರು. ಅಲ್ಲಿಯೂ ಅಪಾಯ ಬೆನ್ನು ಬಿಡಲಿಲ್ಲ. ಆಗ ಅವರು ತಮ್ಮ ಗ್ಯೊಂಗ್-ಜೊ ಅವರನ್ನು ಕೂಡಿಕೊಂಡು ಬಂಧುಗಳಿದ್ದ ಸೊರೆಗೆ ಬಂದು ನೆಲೆಸಿದರು.

ಗುರುಗಳಿಲ್ಲದ ಸಭೆ

1883–84ರ ಹೊತ್ತಿಗೆ ಸೊರೆಯ ಮನೆಯೊಂದರಲ್ಲಿ ಜನ ಸೇರಿ ಶುಭಸಂದೇಶವನ್ನು ಓದಿ ಪ್ರಾರ್ಥಿಸುತ್ತಿದ್ದರು. ಕೊರಿಯಾದ ಪ್ರೊಟೆಸ್ಟಂಟ್ ಸಭೆಗಳ ತೊಟ್ಟಿಲೆಂದು ಕರೆಸಿಕೊಳ್ಳುವುದು ಆ ಮನೆಯೇ. ಅಮೆರಿಕದ ವೈದ್ಯ ಹೊರೇಸ್ ಆಲೆನ್ ಕೊರಿಯಾಕ್ಕೆ ಬಂದದ್ದು 1884ರ ಸೆಪ್ಟೆಂಬರಿನಲ್ಲಿ; ಪ್ರೆಸ್ಬಿಟೇರಿಯನ್ ಗುರು ಹೊರೇಸ್ ಅಂಡರ್‌ವುಡ್ ಬಂದಿಳಿದದ್ದು 1885ರ ಪಾಸ್ಖ ಹಬ್ಬದ ದಿನ. ಬಿತ್ತಲೆಂದು ಬಂದ ಅಂಡರ್‌ವುಡ್ ಅವರಿಗೆ ಕೊಯ್ಲಿಗೆ ಬಂದ ಬೆಳೆ ಕಂಡಿತು.

1887ರ ಆರಂಭದಲ್ಲಿ ಸೊರೆಯಿಂದ ಕೆಲವರು ಸಿಯೋಲ್ ನಗರಕ್ಕೆ ನಡೆದು ಹೋಗಿ, ಅಂಡರ್‌ವುಡ್ ಅವರನ್ನು ಕಂಡು ಸ್ನಾನದೀಕ್ಷೆ ಬೇಡಿದರು. ಕಾನೂನಿನ ದೃಷ್ಟಿಯಲ್ಲಿ ಅದಿನ್ನೂ ಅಪರಾಧ. ಆದರೂ ಸೊ ಗ್ಯೊಂಗ್-ಜೊ ಮತ್ತು ಇಬ್ಬರು ಸಂಗಡಿಗರು ದೀಕ್ಷೆ ಪಡೆದು ಮರಳಿದರು. ಅದೇ ವರ್ಷದ ಶರತ್ಕಾಲದಲ್ಲಿ ಅಂಡರ್‌ವುಡ್ ಅವರೇ ಸೊರೆಗೆ ಬಂದರು. ಗ್ಯೊಂಗ್-ಜೊ ಅವರ ಮಗು ಬ್ಯೊಂಗ್-ಹೊ ಕೊರಿಯಾದ ಪ್ರೊಟೆಸ್ಟಂಟರಲ್ಲಿ ಶಿಶು ದೀಕ್ಷಾಸ್ನಾನ ಪಡೆದ ಮೊದಲ ಕೂಸಾಯಿತು. 1887ರ ಸೆಪ್ಟೆಂಬರ್ 27ರಂದು ಸಿಯೋಲಿನಲ್ಲಿ ಸೆಮುನಾನ್ ಸಭೆ ಸ್ಥಾಪನೆಯಾದಾಗ ಮಂಚೂರಿಯಾದಿಂದ ಬಂದ ಜಾನ್ ರಾಸ್ ಅವರೂ ಅಲ್ಲಿದ್ದರು. ಮೊದಲ ಸದಸ್ಯರು 14 ಮಂದಿ. ಅವರಲ್ಲಿ 13 ಮಂದಿ ಮುಕ್ಡೆನ್ನಿನಿಂದ ಬಂದ ಪುಸ್ತಕಗಳ ಮೂಲಕ, ಸೊ ಸಾಂಗ್-ರ್ಯುನ್ ಅವರಂಥವರ ಶ್ರಮದ ಮೂಲಕ ವಿಶ್ವಾಸಕ್ಕೆ ಬಂದವರೆಂದು ತಿಳಿದು ಅವರಿಗಾದ ಸಂತೋಷವನ್ನು ನೀವೇ ಊಹಿಸಿಕೊಳ್ಳಿ.

ಓದುಗರೇ, ಇಲ್ಲಿ ನಮ್ಮ ಕಥೆ ನೆನಪಾಗದಿರದು. ಅದಕ್ಕೆ ನೂರು ವರ್ಷ ಮುಂಚೆ, 1784ರಲ್ಲಿ, ಯಿ ಸುಂಗ್-ಹುನ್ ಎಂಬ ಯುವ ವಿದ್ವಾಂಸ ಬೀಜಿಂಗಿಗೆ ಹೋಗಿ, ಕಥೋಲಿಕ ಗುರುಗಳಿಂದ ಸ್ನಾನದೀಕ್ಷೆ ಪಡೆದು, ಕೈತುಂಬ ಪುಸ್ತಕಗಳೊಂದಿಗೆ ಕೊರಿಯಾಕ್ಕೆ ಮರಳಿದರು; ಗೆಳೆಯರಿಗೆ ತಾವೇ ದೀಕ್ಷೆ ನೀಡಿದರು. ಸುಮಾರು ಹತ್ತು ವರ್ಷಗಳ ಅನಂತರವಷ್ಟೇ ಚೀನಾದಿಂದ ಮೊದಲ ಗುರು ಬಂದರು. ಒಂದೇ ದೇಶದಲ್ಲಿ ಎರಡು ಬಾರಿ, ಶತಮಾನದ ಅಂತರದಲ್ಲಿ, ಶ್ರೀಸಾಮಾನ್ಯರು ಓದಿ, ನಂಬಿ, ಸಭೆ ಕಟ್ಟಿದರು. ಸಂತ ಆಂಡ್ರ್ಯೂ ಕಿಮ್ ತೇಗೊನ್, ಕೊರಿಯಾದ ಪ್ರಥಮ ಗುರು, 1846ರಲ್ಲಿ ಸೆರೆಸಿಕ್ಕಿದ್ದು ಇದೇ ಹ್ವಾಂಗ್‌ಹೇ ಕರಾವಳಿಯಲ್ಲಿ. ಚೀನಾದ ಮೀನುದೋಣಿಗಳ ಮೂಲಕ ಗುರುಗಳನ್ನು ಒಳಗೆ ತರುವ ದಾರಿ ಹುಡುಕುತ್ತಿದ್ದಾಗ. ಅದೇ ವರ್ಷದ ಸೆಪ್ಟೆಂಬರ್ 16ರಂದು ಅವರ ಶಿರಚ್ಛೇದವಾಯಿತು.

ಹೊರಗಿನ ಹಣ ಬೇಡ

1894ರ ಫೆಬ್ರವರಿಯಲ್ಲಿ ಸೊರೆಗೆ ಕೆನಡಾದಿಂದ ಒಬ್ಬ ಗುರು ಬಂದರು: ವಿಲಿಯಂ ಜಾನ್ ಮೆಕೆಂಜಿ. ಯಾವ ಮಿಷನ್ ಸಂಸ್ಥೆಯ ಆಸರೆಯೂ ಇಲ್ಲದೆ ಬಂದ ಇವರು ಕೊರಿಯನ್ನರ ನಡುವೆ ಕೊರಿಯನ್ನರಂತೆಯೇ ಇರಬೇಕೆಂದು ನಿಶ್ಚಯಿಸಿದ್ದರು. ಅವರ ಉಡುಪನ್ನು ಉಟ್ಟರು. ಅವರ ಅನ್ನವನ್ನೇ ಉಂಡರು. ಆ ವರ್ಷ ದೊಂಗ್‌ಹಕ್ ರೈತರ ದಂಗೆ ಎದ್ದು ವಿದೇಶೀಯರಿಗೆ ಜೀವಭಯ ಉಂಟಾದಾಗಲೂ ಹಳ್ಳಿ ಬಿಡಲಿಲ್ಲ. ಕೆಂಪು ಶಿಲುಬೆಯ ಬಿಳಿ ಬಾವುಟವೊಂದನ್ನು ಸೊರೆಯ ಆಗಸಕ್ಕೆ ಏರಿಸಿದರು. ದಂಗೆಕೋರರು ಆ ಹಳ್ಳಿಗೆ ಕೇಡು ಮಾಡಲಿಲ್ಲ.

ಆಗಲೇ ದೇವಾಲಯ ಕಟ್ಟುವ ವಿಚಾರ ಬಂತು. ವಿದೇಶದಿಂದ ಹಣ ತರಿಸಿಕೊಡುವ ಮಾತನ್ನು ಅಂಡರ್‌ವುಡ್ ಆಡಿದಾಗ ಊರಿನವರು ವಿನಯದಿಂದ ನಿರಾಕರಿಸಿದರು. ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡವರಿಗೆ ದೇವರ ಮನೆಯನ್ನು ಕಟ್ಟಲಾಗದೇ ಎಂಬುದು ಅವರ ನಿಲುವಾಗಿತ್ತು. ಹಣವಿದ್ದವರು ಹಣ, ಮರವಿದ್ದವರು ಮರ, ಏನೂ ಇಲ್ಲದವರು ದುಡಿಮೆ ಕೊಟ್ಟರು. ಹೀಗೆ ಎಂಟು ಅಂಕಣದ ಹೆಂಚಿನ ದೇವಾಲಯ ಎದ್ದು ನಿಂತಿತು.

ಆದರೆ ಮೆಕೆಂಜಿ ಅದರಲ್ಲಿ ಪೂಜೆ ನಡೆಸಲಿಲ್ಲ. 1895ರ ಜೂನ್ ತಿಂಗಳಲ್ಲಿ, ಒಂಟಿತನ ಮತ್ತು ಬಳಲಿಕೆಯಿಂದ ಸೊರಗಿದ್ದ ಅವರನ್ನು ತೀವ್ರ ಜ್ವರ ಹಿಡಿಯಿತು. ಜ್ವರದ ಭ್ರಮೆಯಲ್ಲಿ ಅವರು ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡರು. ಸೊರೆಯ ಜನ ಏನು ಮಾಡಿದರು? ಅವರನ್ನು ನಿಂದಿಸಲಿಲ್ಲ, ಮರೆಮಾಚಲೂ ಇಲ್ಲ. ದೇವಾಲಯದ ಬಳಿಯ ಮಣ್ಣಿನಲ್ಲಿ ಅವರನ್ನು ಗೌರವದಿಂದ ಸಮಾಧಿ ಮಾಡಿದರು. ಕೆಲವೇ ದಿನಗಳಲ್ಲಿ ದೇವಾಲಯವನ್ನು ಪ್ರತಿಷ್ಠಾಪಿಸಿದರು. ಬಳಿಕ, ನಮಗೆ ಇನ್ನೊಬ್ಬ ಗುರುವನ್ನು ಕಳುಹಿಸಿರೆಂದು ಕೆನಡಾಕ್ಕೆ ಪತ್ರ ಬರೆದರು. ಆ ಪತ್ರ ಮತ್ತು ಆ ಸಾವು ಸೇರಿ ಕೆನಡಾದ ಸಭೆಯ ಮನಕಲಕಿ, 1898ರಲ್ಲಿ ಮೂವರು ಗುರುಗಳು ಕೊರಿಯಾಕ್ಕೆ ಹೊರಟರು. ಮನಸ್ಸು ಮುರಿದು ಹೋದವರ ಬಗ್ಗೆ ದೇವರ ಕರುಣೆಯ ಮೇಲೆ ಭರವಸೆ ಕಳೆದುಕೊಳ್ಳಬಾರದೆಂದು ನಮ್ಮ ಧರ್ಮೋಪದೇಶವೂ ಕಲಿಸುತ್ತದೆ. ನಮ್ಮ ಊರುಗಳಲ್ಲಿ ಇಂಥ ಸಾವು ಸಂಭವಿಸಿದಾಗ, ಆ ಮನೆಯವರ ಹೊಸಿಲು ತುಳಿಯಲು ನಾವೆಷ್ಟು ಜನ ಮುಂದಾಗುತ್ತೇವೆ?

ನಾವು ಒಪ್ಪಿಕೊಳ್ಳಬೇಕಾದ ಮಾತು

ಚರಿತ್ರೆ ಬರೆಯುವವನು ತನಗೆ ಹಿತವಾದುದನ್ನಷ್ಟೇ ಹೇಳಬಾರದು. ಇದೇ ಹ್ವಾಂಗ್‌ಹೇ ಪ್ರಾಂತ್ಯದಲ್ಲಿ, 1900ರಿಂದ 1903ರವರೆಗೆ, ಕಥೋಲಿಕರ ಹೆಸರಿನಲ್ಲಿ ನಡೆದ ಕೆಲವು ಘಟನೆಗಳು ನಾಚಿಕೆ ತರುವಂಥವು. ಹಿಂಸೆಯ ಕಾಲ ಮುಗಿದು ಫ್ರೆಂಚ್ ಗುರುಗಳಿಗೆ ಪ್ರಭಾವ ಬಂದಿತ್ತು. ಆ ಆಸರೆಯನ್ನು ಕಂಡು ಹಲವರು ಧರ್ಮಸಭೆಯ ಹೆಸರು ಹೇಳಿಕೊಂಡು ಅಧಿಕಾರಿಗಳನ್ನು ಎದುರಿಸಿದರು. ಒಂದೆಡೆ, ಕಥೋಲಿಕ ದೇವಾಲಯದ ನಿರ್ಮಾಣಕ್ಕೆ ನೆರೆಯ ಪ್ರೊಟೆಸ್ಟಂಟರೂ ಹಣ ಕೊಡಬೇಕೆಂದು ಒತ್ತಾಯಿಸಿ, ಕೊಡದವರನ್ನು ಹೊಡೆದರು. ವಿವಾದ ಸರ್ಕಾರದ ವಿಚಾರಣೆಯ ತನಕ ಹೋಯಿತು.

ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿ. ಒಂದು ಹಳ್ಳಿಯವರು, ಪ್ರೀತಿಯಿಂದ ಕೊಡಲು ಬಂದ ಹಣವನ್ನೂ ಬೇಡವೆಂದು ತಮ್ಮ ದೇವಾಲಯ ಕಟ್ಟಿದರು. ಅದೇ ಪ್ರಾಂತ್ಯದ ಇನ್ನು ಕೆಲವರು, ಬೇರೆ ಪಂಥದವರ ಕೈಯಿಂದ ಕಿತ್ತು ದೇವಾಲಯ ಕಟ್ಟಹೊರಟರು. ಈ ಎರಡನೆಯವರ ಅಜ್ಜಂದಿರು ಹುತಾತ್ಮರ ಕಾಲದವರು! ಹುತಾತ್ಮರ ರಕ್ತ ನಮಗೆ ಆಸ್ತಿಯಂತೆ ತಾನಾಗಿ ಬರುವುದಿಲ್ಲ. ಪ್ರತಿ ತಲೆಮಾರೂ ಮತ್ತೆ ಮೊದಲಿನಿಂದ ಕ್ರೈಸ್ತರಾಗಬೇಕು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಐಕ್ಯದ ಕುರಿತ ತನ್ನ ನಿರ್ಣಯದಲ್ಲಿ, ಅಗಲಿಕೆಗೆ ಎರಡೂ ಕಡೆಯವರು ಹೊಣೆಯೆಂದು ಒಪ್ಪಿ ಕ್ಷಮೆ ಯಾಚಿಸಿತು. ಆ ಮಾತಿನ ತೂಕ ಇಂಥ ಘಟನೆಗಳನ್ನು ಓದಿದಾಗ ತಿಳಿಯುತ್ತದೆ.

ಸಭೆ ಹೋಯಿತು, ಸಂತತಿ ಉಳಿಯಿತು

ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಸಭೆಯ ಆಡಳಿತ ಆಯ್ಕೆಯಾದ ಹಿರಿಯರ ಕೈಯಲ್ಲಿರುತ್ತದೆ. ಸೊರೆಯ ಸಭೆ ಹಾಗೆ ತನ್ನ ಕಾಲ ಮೇಲೆ ತಾನೇ ನಿಂತಿತು. 1907ರಲ್ಲಿ ಕೊರಿಯಾದ ಮೊದಲ ಏಳು ಪ್ರೆಸ್ಬಿಟೇರಿಯನ್ ಗುರುಗಳಿಗೆ ದೀಕ್ಷೆಯಾದಾಗ ಅವರಲ್ಲಿ ಸೊ ಗ್ಯೊಂಗ್-ಜೊ ಒಬ್ಬರು. ಅಣ್ಣ ಸಾಂಗ್-ರ್ಯುನ್ ಕಡೆಯವರೆಗೂ ಶ್ರೀಸಾಮಾನ್ಯರಾಗಿಯೇ ಉಳಿದು 1926ರಲ್ಲಿ ತೀರಿಕೊಂಡರು. ಈ ಹಳ್ಳಿಯ ಮಗಳು ಕಿಮ್ ಮರಿಯಾ ಜಪಾನಿನ ಆಳ್ವಿಕೆಯ ವಿರುದ್ಧ 1919ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಸೇರಿ, ಚಿತ್ರಹಿಂಸೆ ಅನುಭವಿಸಿದರು.

1945ರಲ್ಲಿ ಕೊರಿಯಾ ಇಬ್ಭಾಗವಾದಾಗ ಸೊರೆ ಉತ್ತರದ ಪಾಲಿಗೆ ಹೋಯಿತು. ಅಲ್ಲಿ ಕ್ರೈಸ್ತರ ಬಹಿರಂಗ ಬದುಕು ಕ್ರಮೇಣ ನಿಂತುಹೋಯಿತು. ಪ್ಯೊಂಗ್ಯಾಂಗಿನ ನಮ್ಮ ಬಿಷಪ್ ಫ್ರಾನ್ಸಿಸ್ ಹಾಂಗ್ ಯೊಂಗ್-ಹೊ ಅವರನ್ನು 1949ರಲ್ಲಿ ಬಂಧಿಸಲಾಯಿತು. ಅವರು ಮರಳಲೇ ಇಲ್ಲ. ಪಂಥಗಳ ಜಗಳವಾಡಿದ್ದವರ ಮೊಮ್ಮಕ್ಕಳು ಒಂದೇ ಬವಣೆಗೆ ಒಳಗಾದರು.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೊರೆಯ ಎದುರಿಗೆ, ಸಮುದ್ರದಾಚೆ, ಬೆಂಗ್ನ್ಯೊಂಗ್ ಎಂಬ ದ್ವೀಪವಿದೆ. 1890ರ ದಶಕದ ಕೊನೆಯಲ್ಲಿ ಸೊರೆಯವರ ನೆರವಿನಿಂದ ಅಲ್ಲಿ ಜುಂಗ್ಹ್ವಾದೊಂಗ್ ಸಭೆ ಹುಟ್ಟಿತು. ಸೊರೆಯ ದೇವಾಲಯ ಕಟ್ಟಿ ಉಳಿದ ಮರಮುಟ್ಟನ್ನು ಅದಕ್ಕಾಗಿ ಕಳುಹಿಸಿದರೆಂದು ಹೇಳುತ್ತಾರೆ. ದೇಶ ಇಬ್ಭಾಗವಾದಾಗ ಆ ದ್ವೀಪ ದಕ್ಷಿಣಕ್ಕೆ ಉಳಿಯಿತು. ತಾಯಿಯ ದನಿ ಅಡಗಿದೆ. ಮಗಳು ಇಂದಿಗೂ ಹಾಡುತ್ತಿದ್ದಾಳೆ. 1988ರಲ್ಲಿ ದಕ್ಷಿಣ ಕೊರಿಯಾದ ಚೊಂಗ್‌ಶಿನ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸೊರೆಯ ದೇವಾಲಯದ ಪ್ರತಿರೂಪವನ್ನು ಕಟ್ಟಲಾಯಿತು.

ಪ್ರಿಯ ಓದುಗರೇ, ನಾನೊಬ್ಬ ಗುರು. ಗುರುಗಳ ಅಗತ್ಯವಿಲ್ಲವೆಂದು ಹೇಳಲು ಈ ಲೇಖನ ಬರೆದಿಲ್ಲ. ಸೊರೆಯ ಜನರೂ ಗುರುಗಳಿಗಾಗಿ ಹಂಬಲಿಸಿದರು. ಪರಮಪ್ರಸಾದವಿಲ್ಲದೆ ಹತ್ತು ವರ್ಷ ಕಾದ ಕೊರಿಯಾದ ಕಥೋಲಿಕರು ಬೀಜಿಂಗಿಗೆ ಮತ್ತೆ ಮತ್ತೆ ಮೊರೆಯಿಟ್ಟರು. ಆದರೆ ಗುರುಗಳು ಬರುವ ತನಕ ಅವರು ಕೈಕಟ್ಟಿ ಕೂರಲಿಲ್ಲ. ನಾಳೆ ನಿಮ್ಮ ಧರ್ಮಕೇಂದ್ರಕ್ಕೆ ಒಂದು ವರ್ಷ ಗುರುಗಳಿಲ್ಲವೆಂದರೆ ಏನು ಉಳಿದೀತು? ಸಂಜೆಯ ಪ್ರಾರ್ಥನೆ ಯಾವ ಮನೆಯಲ್ಲಿ ನಡೆದೀತು? ಮಕ್ಕಳಿಗೆ ಶುಭಸಂದೇಶವನ್ನು ಯಾರು ಓದಿ ಹೇಳಿಯಾರು? ಹಾಸಿಗೆ ಹಿಡಿದವರನ್ನು ಯಾರು ನೋಡಿಯಾರು?

ಈ ಪ್ರಶ್ನೆಗಳಿಗೆ ಉತ್ತರ ನಿಮ್ಮ ಮನೆಯ ಬೈಬಲಿನ ಮೇಲೆ ಕುಳಿತ ಧೂಳನ್ನು ಒರೆಸುವುದರಿಂದ ಆರಂಭವಾಗಲಿ. ಬಿತ್ತಿದವನು ಮಲಗಿದ್ದಾಗಲೂ ಬೀಜ ಮೊಳೆಯುತ್ತದೆಂದು ಪ್ರಭು ಹೇಳಿದ ಸಾಮತಿ ಸುಳ್ಳಾಗದು.