ಮಹಾವೀರಾಚಾರ್ಯನ ಒಂದು ಸಂಖ್ಯೆ

ನೃಪತುಂಗನ ಆಸ್ಥಾನವೆಂದೊಡನೆ ಸಾಹಿತ್ಯದ ಅಧ್ಯಾಪಕರಾದ ನಮಗೆ ‘ಕವಿರಾಜಮಾರ್ಗ’ವೊಂದೇ ನೆನಪಾಗುವುದು. ಅದೇ ದೊರೆಯನ್ನು ಪೀಠಿಕೆಯಲ್ಲಿ ಕೊಂಡಾಡುವ ಇನ್ನೊಂದು ಗ್ರಂಥವುಂಟು. ಸುಮಾರು ಕ್ರಿ.ಶ. 850ರಲ್ಲಿ ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವೇ ಅದು. ಗಣಿತವು ಸಾಹಿತ್ಯದ ಮನೆಗೆ ಹೊರಗಿನದೆಂಬ ಭಾವನೆಯಿಂದ ನಾವು ಅದನ್ನು ಬದಿಗಿಟ್ಟಿದ್ದೇವೆ. ಈ ಭಾವನೆಯನ್ನು ನಾನು ಒಪ್ಪಲಾರೆ. ಆ ಗ್ರಂಥದ ಒಂದೇ ಒಂದು ಸಂಖ್ಯೆಯನ್ನು ನನ್ನ ಪರವಾದ ಸಾಕ್ಷಿಯಾಗಿ ಕರೆಯುತ್ತೇನೆ: 12345654321.

ನಮ್ಮ ರೂಢಿಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಅವುಗಳಲ್ಲಿ ಹನ್ನೊಂದನೆಯದಾದ ಅರ್ಬುದವನ್ನು ಇದು ಮುಟ್ಟುತ್ತದೆ. ಹನ್ನೊಂದು ಅಂಕಿಗಳನ್ನು ಛಂದಸ್ಸಿಗೆ ಹೊಂದಿಸುವುದು ಸುಲಭದ ಕೆಲಸವಲ್ಲ. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು ಎಂದು ಪದ ಜೋಡಿಸುವುದು ಆ ಕಾಲದ ದಾರಿ. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂದಷ್ಟೇ ಹೇಳಿ ಆಚಾರ್ಯನು ಮುಂದೆ ಸಾಗುತ್ತಾನೆ. ಸಂಖ್ಯೆ ತನ್ನ ಆಕಾರದಿಂದಲೇ ತನ್ನ ಹೆಸರನ್ನು ಪಡೆದಿದೆ.

ಇದು ಹೇಗೆ ಹುಟ್ಟಿತು? ಕಾಗದ, ಪೆನ್ಸಿಲು ಹಿಡಿದು 111111ನ್ನು ಅದರಿಂದಲೇ ಗುಣಿಸಿರಿ. ಆರು ಸಾಲುಗಳು ಒಂದೊಂದು ಸ್ಥಾನ ಸರಿದು ಕೂತಾಗ ಕಂಬಗಳಲ್ಲಿ ಒಂದು, ಎರಡು ಎಂದು ಆರರವರೆಗೆ ಒಂದುಗಳು ಸೇರಿ ಮತ್ತೆ ಕರಗುತ್ತವೆ, ದಶಕವೆಲ್ಲಿಯೂ ಉಕ್ಕುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಸೊಗಸು ನಿಲ್ಲುತ್ತದೆ; ಹತ್ತಕ್ಕೆ ಕೆಡುತ್ತದೆ. ಆದ್ದರಿಂದ ಇದು ಪೂರ್ಣವರ್ಗ. 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಬಾರಿ ಗುಣಿತವಾಗಿ ಇದಾಗಿದೆ. 1 ಮತ್ತು ಇದೇ ಸಂಖ್ಯೆಯನ್ನೂ ಸೇರಿಸಿ 243 ಭಾಜಕಗಳಿವೆ. 441ರಿಂದ ಭಾಗಿಸಿದರೆ 27994681 ದೊರೆಯುತ್ತದೆ. ಅದೂ 5291ರ ವರ್ಗವೇ!

ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಇಂಥ ರಚನೆಯನ್ನು ಚಿತ್ರಕಾವ್ಯದಲ್ಲಿ ಗತಪ್ರತ್ಯಾಗತವೆನ್ನುತ್ತೇವೆ. ಆಚಾರ್ಯನಿಗೂ ಈ ರುಚಿಯಿತ್ತೆಂಬುದಕ್ಕೆ ಅವನ ಗುಣಾಕಾರದ ಲೆಕ್ಕಗಳನ್ನು ನೋಡಬೇಕು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 333333666667ನ್ನು 33ರಿಂದ ಗುಣಿಸಿದರೆ 11000011000011. ಇದನ್ನು ಅವನು ಕಂಠಾಭರಣವೆಂದೇ ಕರೆದಿದ್ದಾನೆ. ಲೆಕ್ಕ ಕಲಿಸಲು ಇಷ್ಟು ಅಲಂಕಾರ ಬೇಕಿರಲಿಲ್ಲ. ಅಲಂಕಾರಶಾಸ್ತ್ರವನ್ನು ಕನ್ನಡಿಸಿದ ಆಸ್ಥಾನದ ಗಾಳಿ ಗಣಿತಜ್ಞನ ಮನೆಯ ಕಡೆಗೂ ಬೀಸಿತ್ತೆಂದು ನನ್ನ ಭಾವನೆ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಹೇಳಲು 12ನೆಯ ಶತಮಾನದ ರಾಜಾದಿತ್ಯನೇ ಬರಬೇಕಾಯಿತು. ಮಹಾವೀರನ ಗ್ರಂಥ 1912ರಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ.