ಮಾನಸಗಂಗೋತ್ರಿಯಿಂದ ಸುವರ್ಣಗಂಗೋತ್ರಿಗೆ

ನಮ್ಮ ಗುಂಡ್ಲುಪೇಟೆ ಕಡೆ ಎಂ.ಎ. ಓದೋದು ಅಂದ್ರೆ ಮೈಸೂರಿನ ಬಸ್ ಹತ್ತೋದು, ಸುಮಾರು 60 ಕಿಲೋಮೀಟರ್. (ರೈಲಂತೂ ನಮಗಿಲ್ಲ ಬಿಡಿ.) ಅಲ್ಲಿರೋದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ, ಅದರ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯ್ತು, ಗಂಗೋತ್ರಿ ಮಾತ್ರ ಅಲ್ಲೇ ಉಳೀತು. ಆಮೇಲೆ ಅದೇ ವಿವಿ ಚಾಮರಾಜನಗರದಲ್ಲಿ ಸ್ನಾತಕೋತ್ತರ ಕೇಂದ್ರ ತೆರೀತು, ಹೆಸರು ಸುವರ್ಣಗಂಗೋತ್ರಿ. "ಸಂಜೆಗೆ ಮನೆಗೆ ಬರ್ತೀಯೇನವ್ವ?" ಅಂತ ಕೇಳೋ ಅಪ್ಪಂದಿರಿರೋ ಊರಲ್ಲಿ ಇದು ಸಣ್ಣ ವಿಷಯವಲ್ಲ.

2023ರಲ್ಲಿ ಆ ಕೇಂದ್ರವೇ ಚಾಮರಾಜನಗರ ವಿಶ್ವವಿದ್ಯಾಲಯವಾಯ್ತು. ಎರಡೇ ವರ್ಷ! 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ದುಡ್ಡಿನ ಕಾರಣ ಕೊಟ್ಟು ಒಂಬತ್ತು ಹೊಸ ವಿವಿಗಳನ್ನು ಮುಚ್ಚೋ ಮಾತಾಡಿತು. ಪಟ್ಟಿಯಲ್ಲಿ ನಮ್ಮದೂ ಇತ್ತು. ಖರ್ಚಿನ ಲೆಕ್ಕ ಸರಿಯೇ ಇರಬಹುದು. ದೂರ ಅಂತ ಓದು ಬಿಟ್ಟವರನ್ನೂ ಅದರಲ್ಲಿ ಸೇರಿಸಿದ್ರಾ ಅನ್ನೋದು ನನ್ನ ಅನುಮಾನ.